ಸರಸ್ತೀರದ ಬಿಡಾರವೂ ಕುದುರೆಯ ಬೆನ್ನೂ

ಕಳೆದ ತಿಂಗಳು ನಮ್ಮ ಸಂಘದ ಗೋಷ್ಠಿಯಲ್ಲಿ ಮಿತ್ರರೊಬ್ಬರು ತಾವು 2024ನೆಯ ಇಸವಿಯ ಬೇಸಗೆಯ ಕೊನೆಯಲ್ಲಿ ಸಕುಟುಂಬರಾಗಿ ಕಾಶ್ಮೀರದ ಗಂಗಾಬಲ ಸರೋವರಕ್ಕೆ ಹೋಗಿ, ದಡದಲ್ಲಿ ಡೇರೆ ಹೂಡಿ, ಎರಡು ರಾತ್ರಿ ತಂಗಿ ಬಂದ ವೃತ್ತಾಂತವನ್ನು ಓದಿದರು. ಬರೆವಣಿಗೆ ಸೊಗಸಾಗಿದ್ದಿತು. ಸಭಿಕರು ಸಂತೋಷಪಟ್ಟರು, ನಾನೂ ಸಂತೋಷಪಟ್ಟೆನು. ಆದರೆ ಉಪಸಂಹಾರದಲ್ಲಿ ಅವರಾಡಿದ ಮಾತು ಮಾತ್ರ ಅಂದಿನಿಂದಲೂ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ನಟ್ಟುಕೊಂಡಿದೆ. “ಇಷ್ಟು ರಮ್ಯವಾದ ಸ್ಥಳಕ್ಕೆ ಇನ್ನೂ ಕುದುರೆಯ ಮೇಲೆ ಹೋಗಬೇಕಾಗಿರುವುದು ನಾಚಿಕೆಗೇಡು. ಸರ್ಕಾರವು ಸರೋವರದ ದಡದವರೆಗೆ ಮೋಟಾರು ರಸ್ತೆಯನ್ನು ಮಾಡಿಸಿದರೆ ಮಕ್ಕಳೂ ಮುದುಕರೂ ಸುಖವಾಗಿ ಹೋಗಿಬರಬಹುದು” ಎಂದರು. ಸಭೆ ಕೈತಟ್ಟಿತು. ಒಡನೆಯೇ ಮತ್ತೊಬ್ಬರು ಎದ್ದು, “ರಸ್ತೆಯಾಗಲಿ ಬಿಡಲಿ, ಮೂಕಪ್ರಾಣಿಗಳನ್ನು ಹಿಂಸಿಸುವ ಈ ಕುದುರೆಯ ವ್ಯಾಪಾರವನ್ನಂತೂ ಶಾಸನದಿಂದ ನಿಲ್ಲಿಸಬೇಕು” ಎಂದರು. ಸಭೆ ಅದಕ್ಕೂ ಕೈತಟ್ಟಿತು. ನಾನು ಉತ್ತರ ಹೇಳೋಣವೆಂದು ಏಳುವಷ್ಟರಲ್ಲಿ ಉಪ್ಪಿಟ್ಟು ಬಂದಿತು. ಉಪ್ಪಿಟ್ಟಿನ ಮುಂದೆ ಯಾವ ವಾದವೂ ನಿಲ್ಲದೆಂಬುದು ನಾಲ್ವತ್ತು ವರ್ಷ ಉಪಾಧ್ಯಾಯನಾಗಿದ್ದು ನಾನು ಕಂಡುಕೊಂಡ ಸತ್ಯ. ಆದುದರಿಂದ ಅಂದು ಆಡಲಾಗದುದನ್ನು ಇಂದು ಬರೆಯುತ್ತಿದ್ದೇನೆ.

ಮೊದಲು ಒಂದು ಸಂದೇಹವನ್ನು ನಿವಾರಿಸಬೇಕು. ಕಾಲು ಸೋತ ಮುದುಕನೊಬ್ಬನು ಯುವಕರ ವಿಹಾರವನ್ನು ಕಂಡು ಕರುಬುತ್ತಿರುವನೆಂದು ವಾಚಕರು ಭಾವಿಸಬಾರದು. ನಾನೂ ಆ ಸರೋವರವನ್ನು ಕಂಡವನೇ. 2023ನೆಯ ಇಸವಿಯ ಜುಲೈ ತಿಂಗಳಲ್ಲಿ ನನ್ನ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳೊಡನೆ ಅಲ್ಲಿಗೆ ಹೋಗಿ ಡೇರೆಯಲ್ಲಿ ಮಲಗಿದವನು. ಕುಟುಂಬ ಸಮೇತರಾಗಿ ಇಂತಹ ಪ್ರವಾಸ ಹೋಗಬಾರದೆಂದು ನಾನು ಹೇಳುವುದಿಲ್ಲ, ಹೋಗಲೇಬೇಕೆಂದು ಹೇಳುತ್ತೇನೆ. ಆದರೆ ಹೋಗುವ ರೀತಿಯೊಂದುಂಟು. ಆ ರೀತಿಯನ್ನು ತಪ್ಪಿದರೆ ಏನಾಗುವುದೆಂಬುದನ್ನು ನಾನು ಪುಸ್ತಕದಿಂದ ಕಲಿತುದಲ್ಲ, ನಾನೇ ಮಾಡಿದ ತಪ್ಪಿನಿಂದ ಕಲಿತೆನು. ಅದನ್ನೂ ಮುಂದೆ ಮುಚ್ಚುಮರೆಯಿಲ್ಲದೆ ಹೇಳುವೆನು.

ಸ್ಥಳದ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು. ಶ್ರೀನಗರದಿಂದ ಸುಮಾರು 50 ಕಿಲೋಮೀಟರು ದೂರದಲ್ಲಿ, ಗಾಂದರಬಲ ಜಿಲ್ಲೆಯ ವಾಂಗತ್ ಕಣಿವೆಯಲ್ಲಿ ನಾರಾನಾಗವೆಂಬ ಊರಿದೆ. ಲಲಿತಾದಿತ್ಯನ ಕಾಲದವೆಂದು, ಎಂದರೆ 8ನೆಯ ಶತಮಾನದವೆಂದು, ಬಲ್ಲವರು ಹೇಳುವ ಶಿಲಾದೇವಾಲಯಗಳ ಭಗ್ನಾವಶೇಷಗಳು ಅಲ್ಲಿವೆ. ಕಲ್ಹಣನ ರಾಜತರಂಗಿಣಿಯಲ್ಲಿ ಬರುವ ಭೂತೇಶ್ವರ ಕ್ಷೇತ್ರವು ಇದೇ. ಮೋಟಾರು ಇಲ್ಲಿಗೆ ನಿಲ್ಲುವುದು. ಇಲ್ಲಿಂದ ದೇವದಾರು ಪೈನು ಮರಗಳ ಕಾಡಿನಲ್ಲಿ ಕಡಿದಾದ ಏರು; ಏರಿದ ಮೇಲೆ ತ್ರುಂಖೋಲ್ ಎಂಬ ಹುಲ್ಲುಗಾವಲು; ಅದರಾಚೆ, ಸಮುದ್ರಮಟ್ಟಕ್ಕೆ ಸುಮಾರು 3,570 ಮೀಟರು ಎತ್ತರದಲ್ಲಿ, 5,142 ಮೀಟರು ಎತ್ತರದ ಹರಮುಖ ಪರ್ವತದ ಪಾದದಲ್ಲಿ ಗಂಗಾಬಲ ಸರೋವರ. ಪಕ್ಕದಲ್ಲಿಯೇ ಸ್ವಲ್ಪ ತಗ್ಗಿನಲ್ಲಿ ನಂದಕೋಲವೆಂಬ ಇನ್ನೊಂದು ಚಿಕ್ಕ ಸರೋವರವಿದೆ. ಪ್ರಾಚೀನರು ಗಂಗಾಬಲವನ್ನು ಉತ್ತರಮಾನಸವೆಂದು ಕರೆದರು. ಕಾಶ್ಮೀರದ ಪಂಡಿತರು ತಲೆತಲಾಂತರದಿಂದ ತಮ್ಮ ಪಿತೃಗಳ ಅಸ್ಥಿಯನ್ನು ವಿಸರ್ಜಿಸುತ್ತ ಬಂದ ತೀರ್ಥವದು. ಗಂಗಾಬಲದ ನೀರು ನಂದಕೋಲಕ್ಕೂ, ಅಲ್ಲಿಂದ ವಾಂಗತ್ ಹೊಳೆಗೂ, ಆ ಹೊಳೆಯು ಕಾಶ್ಮೀರದ ಸಿಂಧ್ ಎಂಬ ಉಪನದಿಗೂ ಇಳಿದು, ಕೊನೆಗೆ ಶಾದಿಪುರದ ಬಳಿ ವಿತಸ್ತೆಯನ್ನು, ಎಂದರೆ ಝೇಲಮ್ ನದಿಯನ್ನು ಸೇರುವುದು. ಮೇಲೆ ನಾವು ಪಾತ್ರೆ ತೊಳೆದ ನೀರು ಕೆಳಗೆ ಯಾರದೋ ಮನೆಯ ಕುಡಿಯುವ ನೀರೆಂಬುದನ್ನು ವಾಚಕರು ಇಲ್ಲಿಯೇ ನೆನಪಿನಲ್ಲಿಟ್ಟುಕೊಳ್ಳಬೇಕು.

ಪಾಠಶಾಲೆಯಲ್ಲಿ ಓದಿದವನಾದುದರಿಂದ ಎದುರಾಳಿಯ ವಾದವನ್ನು ಮೊದಲು ಪೂರ್ಣವಾಗಿ ಹೇಳಿ ಆಮೇಲೆ ಖಂಡಿಸುವುದು ನನಗೆ ಅಭ್ಯಾಸ. ಮೊದಲನೆಯ ಪೂರ್ವಪಕ್ಷವು ಇದು: ರಸ್ತೆಯಾದರೆ ಎಲ್ಲರಿಗೂ ಸರೋವರದ ದರ್ಶನ ಸುಲಭವಾಗುವುದು, ಸುಲಭವಾದರೆ ಬಹುಜನರಿಗೆ ಸಂತೋಷ, ಬಹುಜನರ ಸಂತೋಷಕ್ಕಿಂತ ಹೆಚ್ಚಿನದು ಯಾವುದು?

ವಾದವು ಕೇಳುವುದಕ್ಕೆ ಇಂಪಾಗಿದೆ. ಆದರೆ ರಸ್ತೆಯಾದ ಸರೋವರಗಳು ನಮ್ಮ ದೇಶದಲ್ಲಿ ಇಲ್ಲದೆ ಇಲ್ಲ. ಅಲ್ಲಿ ಏನಾಗಿದೆಯೆಂಬುದನ್ನು ನೋಡಿದರೆ ಸಾಕು. ಲಡಾಖಿನ ಪಾಂಗಾಂಗ್ ಸರೋವರಕ್ಕೆ ಮೋಟಾರು ಹೋಗುವುದು. 2009ರಲ್ಲಿ ಬಂದ ಒಂದು ಹಿಂದೀ ಚಲಚ್ಚಿತ್ರದಲ್ಲಿ ಆ ನೀಲಜಲವನ್ನು ಕಂಡ ಮೇಲೆ ಜನವು ಪ್ರವಾಹದಂತೆ ಅಲ್ಲಿಗೆ ನುಗ್ಗಿತು. ದಡದ ಹಳ್ಳಿಗಳಲ್ಲಿ ಡೇರೆಗಳ ಸಾಲೇ ಎದ್ದಿತು. 2022ರಲ್ಲಿ ಕೆಲವು ಪ್ರವಾಸಿಗಳು ತಮ್ಮ ಮೋಟಾರನ್ನೇ ಆ ಸರೋವರದ ನೀರಿಗಿಳಿಸಿ ಓಡಿಸಿ, ಚಿತ್ರ ತೆಗೆದುಕೊಂಡು, ಅದನ್ನು ಲೋಕಕ್ಕೆಲ್ಲ ತೋರಿಸಿದರು. ರಸ್ತೆಯು ದಡದವರೆಗೆ ಬಂದರೆ ಮನುಷ್ಯನ ಆಸೆ ದಡದಲ್ಲಿ ನಿಲ್ಲುವುದಿಲ್ಲ, ನೀರಿಗೆ ಇಳಿಯುವುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ? ಹಿಮಾಚಲ ಪ್ರದೇಶದ ಚಂದ್ರತಾಲವು 2005ರಲ್ಲಿ ರಾಮ್‌ಸಾರ್ ಒಡಂಬಡಿಕೆಯ ಪಟ್ಟಿಗೆ ಸೇರಿದ ಸರೋವರ. ಅಲ್ಲಿ ದಡದಲ್ಲಿ ಡೇರೆ ಹೂಡುವುದನ್ನು ನಿಲ್ಲಿಸಿ ಬಿಡಾರಗಳನ್ನು ದೂರಕ್ಕೆ ಕಳುಹಿಸಬೇಕಾಯಿತು. ಮೋಟಾರನ್ನೂ ನೀರಿನಿಂದ ದೂರದಲ್ಲಿಯೇ ನಿಲ್ಲಿಸಿ ಉಳಿದ ದಾರಿಯನ್ನು ನಡೆಯಬೇಕಾಗಿದೆ. ಉತ್ತರಾಖಂಡದಲ್ಲಿ ರೂಪಕುಂಡದ ದಾರಿಯ ಬೇದನಿ ಮೊದಲಾದ ಹುಲ್ಲುಗಾವಲುಗಳ ದುರವಸ್ಥೆಯನ್ನು ಕಂಡು ಅಲ್ಲಿನ ಉಚ್ಚ ನ್ಯಾಯಾಲಯವು 2018ರಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿತು. ಕಾಲುದಾರಿಯ ಸ್ಥಳಕ್ಕೇ ಈ ಗತಿ ಬಂದಿರುವಾಗ ರಸ್ತೆಯನ್ನು ಕೇಳುವವರಿಗೆ ಏನೆನ್ನಬೇಕು?

ಇನ್ನು ಮಕ್ಕಳೂ ಮುದುಕರೂ ಸುಖವಾಗಿ ಹೋಗುವರೆಂಬ ಮಾತು. 2,500 ಮೀಟರು ದಾಟಿದ ಮೇಲೆ ಗಾಳಿಯು ವಿರಳವಾಗುವುದರಿಂದ ತಲೆನೋವು, ವಾಕರಿಕೆ, ಉಸಿರಾಟದ ತೊಂದರೆ ಹುಟ್ಟಬಹುದೆಂಬುದು ವೈದ್ಯರೆಲ್ಲರೂ ಒಪ್ಪಿದ ಮಾತು. ಇದಕ್ಕೆ ಮುಖ್ಯವಾದ ರಕ್ಷೆ ನಿಧಾನ. ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಏರುವುದು. ಕಾಲುದಾರಿಯು ಈ ನಿಧಾನವನ್ನು ತಾನಾಗಿಯೇ ಕಲಿಸುವುದು. ಮೋಟಾರು ಅದನ್ನು ಕಿತ್ತುಕೊಳ್ಳುವುದು. ಬೆಳಗ್ಗೆ ತಗ್ಗಿನಲ್ಲಿ ಕಾಫಿ ಕುಡಿದ ಮಗುವನ್ನು ಮಧ್ಯಾಹ್ನಕ್ಕೆ ನಾಲ್ಕು ಸಾವಿರ ಮೀಟರಿಗೆ ಒಯ್ಯುವುದು ಆ ಮಗುವಿಗೆ ಮಾಡುವ ಉಪಕಾರವಲ್ಲ. ಮೊದಲನೆಯ ಪೂರ್ವಪಕ್ಷವು ಇಲ್ಲಿಗೆ ಬಿದ್ದಿತು.

ಎರಡನೆಯ ಪೂರ್ವಪಕ್ಷವು ದಯೆಯ ವೇಷದಲ್ಲಿ ಬರುವುದರಿಂದ ಅದನ್ನು ಎಚ್ಚರಿಕೆಯಿಂದ ಪರೀಕ್ಷಿಸಬೇಕು. ಕುದುರೆಯನ್ನೇ ನಿಷೇಧಿಸಿದರೆ ಹಿಂಸೆ ಹೋಗುವುದೆಂದು ಇವರ ವಾದ. 2022ರಲ್ಲಿ ಕೇದಾರದ ದಾರಿಯಲ್ಲಿ ಅನೇಕ ಕುದುರೆಗಳೂ ಹೇಸರಗತ್ತೆಗಳೂ ಬಳಲಿ ಬಿದ್ದು ಸತ್ತುದನ್ನು ಇವರು ದೃಷ್ಟಾಂತವಾಗಿ ಹೇಳುವರು. ಆ ಸಾವುಗಳು ನಿಜ, ಅವು ಪಾಪವೇ. ಆದರೆ ಅವು ಕುದುರೆಯಿಂದ ಬಂದ ಪಾಪವೋ, ಜನಸಂದಣಿಯಿಂದಲೂ ಲೋಭದಿಂದಲೂ ಬಂದ ಪಾಪವೋ? ಗಂಗಾಬಲದ ದಾರಿಯಲ್ಲಿ ಕುದುರೆ ಸಾಕುವವರು ಬಡವರು. ಬೇಸಗೆಯಲ್ಲಿ ಕುರಿಮಂದೆಗಳೊಡನೆ ಮೇಲೇರಿ, ಢೋಕ್ ಎಂದು ಕರೆಯುವ ಗುಡಿಸಲುಗಳಲ್ಲಿ ವಾಸಿಸುವ ಗುಜ್ಜರರೂ ಬಕರವಾಲರೂ ಆ ಪರ್ವತದ ಮಕ್ಕಳು. ಕೆಲಸವಿಲ್ಲದ ಕುದುರೆಯನ್ನು ಬಡವನು ಪೂಜೆಗಾಗಿ ಸಾಕಲಾರನು, ಮಾರುವನು. ಕೊಂಡವನು ಅದನ್ನು ಇನ್ನೂ ಕಠಿನವಾದ ಕೆಲಸಕ್ಕೆ, ಇಟ್ಟಿಗೆ ಗೂಡಿಗೋ ಮತ್ತೆಲ್ಲಿಗೋ ಹೂಡುವನು. ನಿಷೇಧವಾದಿಗಳ ದಯೆಯು ಕುದುರೆಯನ್ನು ಅವರ ಕಣ್ಣಿನಿಂದ ಮರೆಮಾಡುವುದೇ ಹೊರತು ಕಷ್ಟದಿಂದ ಪಾರುಮಾಡುವುದಿಲ್ಲ. ಅಲ್ಲದೆ ಕುದುರೆ ಹೋದ ದಾರಿಯಲ್ಲಿ ಮೋಟಾರು ಬರುವುದು. ಹೀಗೆ ಎರಡನೆಯ ಪಕ್ಷವು ಒಂದು ಸುತ್ತು ಸುತ್ತಿ ಮೊದಲನೆಯ ಪಕ್ಷದ ಮನೆಗೇ ಬಂದು ಸೇರುವುದು.

ಹಾಗಾದರೆ ಸಿದ್ಧಾಂತವೇನು? ಕುದುರೆ ಇರಲಿ, ಮಿತಿಯೂ ಇರಲಿ. ನಡೆಯಬಲ್ಲವನು ನಡೆಯಲಿ, ನಡೆಯಲಾರದವನನ್ನೂ ಸಾಮಾನನ್ನೂ ಕುದುರೆಯು ಮಿತಿಯೊಳಗೆ ಹೊರಲಿ. ನಮ್ಮ ಸುಖದ ಬೆಲೆಯನ್ನು ನಮ್ಮ ಕಾಲೂ ನಮ್ಮ ಕೈಚೀಲವೂ ತೆರಬೇಕು. ಕುದುರೆಯ ಬೆನ್ನಾಗಲಿ ಸರೋವರದ ನೀರಾಗಲಿ ತೆರಕೂಡದು. ಇದಿಷ್ಟೇ ನನ್ನ ವಾದ.

ಈಗ ನನ್ನ ತಪ್ಪಿನ ಕಥೆ. ನಾರಾನಾಗದಲ್ಲಿ ಕುದುರೆಯವನು ನಮ್ಮ ಡೇರೆ, ಹಾಸಿಗೆ, ಅಡಿಗೆಯ ಸಾಮಾನುಗಳನ್ನು ನೋಡಿ, ಹೇರಿಗೆ ಮೂರು, ನನ್ನ ಸವಾರಿಗೆ ಒಂದು, ಒಟ್ಟು ನಾಲ್ಕು ಕುದುರೆ ಬೇಕೆಂದನು. ನಾನು ಅರವತ್ತು ದಾಟಿದವನಾದರೂ ನಿತ್ಯವೂ ಮೂರು ಮೈಲಿ ನಡೆಯುವವನು. ಏರನ್ನು ನಿಧಾನವಾಗಿಯಾದರೂ ಹತ್ತಬಲ್ಲವನಾಗಿದ್ದೆನು. ಆದರೂ ಸವಾರಿಯ ಆಸೆಯಾಯಿತು. ನಾಲ್ಕು ಕುದುರೆಯ ಬಾಡಿಗೆಯನ್ನು ಕೇಳಿ ನಾವು ಚೌಕಾಸಿಗೆ ತೊಡಗಿದೆವು. ನಮ್ಮೂರಿನ ಸಂತೆಯಲ್ಲಿ ಬದನೆಕಾಯಿಗೆ ಮಾಡುವಂತೆ ಅರ್ಧ ಗಂಟೆಯ ಕಾಲ ಎಳೆದಾಡಿ, ಮೂರು ಕುದುರೆಗೆ ಒಪ್ಪಿಸಿ, ಗೆದ್ದೆವೆಂದು ಹಿಗ್ಗಿದೆವು. ನಾಲ್ಕನೆಯ ಕುದುರೆಯ ಹೇರು ಏನಾಯಿತೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಅದು ಎಲ್ಲಿಗೆ ಹೋದೀತು? ಉಳಿದ ಕುದುರೆಗಳ ಬೆನ್ನಿಗೇ ಹೋಯಿತು. ನಾನು ಕುಳಿತ ಕುದುರೆಯ ಜೀನಿನ ಎರಡು ಪಕ್ಕಕ್ಕೂ ಹಾಸಿಗೆಯ ಸುರುಳಿಗಳು ನೇತಾಡುತ್ತಿದ್ದುವು.

ಸಂಜೆ ತ್ರುಂಖೋಲಿನಲ್ಲಿ ಕುದುರೆಯವನು ಜೀನನ್ನು ಇಳಿಸಿದನು. ಒಂಬತ್ತು ವರ್ಷದ ನನ್ನ ಮೊಮ್ಮಗಳು ಓಡಿಬಂದು ನನ್ನ ಕೈಹಿಡಿದು ಎಳೆದಳು. “ಅಜ್ಜ, ನೋಡು ಬಾ. ನಮ್ಮ ಬಸವನ ಹೆಗಲಿನ ಮೇಲೆ ಆಗಿತ್ತಲ್ಲ, ಹಾಗೆಯೇ ಆಗಿದೆ” ಎಂದಳು. ಬಸವನು ನಮ್ಮ ಹಳ್ಳಿಯ ಮನೆಯ ಎತ್ತು. ನೊಗ ಉಜ್ಜಿ ಅದರ ಹೆಗಲು ಹುಣ್ಣಾಗಿದ್ದಾಗ ನಾನೇ ಅದನ್ನು ಗೇಯ್ಮೆಯಿಂದ ಬಿಡಿಸಿ ಬೇವಿನೆಣ್ಣೆ ಹಚ್ಚಿದ್ದೆನು. ಹೋಗಿ ನೋಡಿದೆನು. ಜೀನಿನ ಕೆಳಗೆ ಅಂಗೈಯಗಲದ ಹುಣ್ಣು. ಅದರ ಮೇಲೆ ನಾನು ಐದು ಗಂಟೆ ಕುಳಿತು ಬಂದಿದ್ದೆನು. ಹುಣ್ಣಾದ ಕುದುರೆಯನ್ನು ಏತಕ್ಕೆ ತಂದೆಯೆಂದು ನಾನು ಗದರಿದೆನು. ಅವನು ಸಿಟ್ಟಾಗಲಿಲ್ಲ. “ಮಾಸ್ಟರ್‌ಜೀ, ನೀವು ಬರುವುದು ಎರಡೂವರೆ ತಿಂಗಳು. ಇದು ತಿನ್ನುವುದು ಹನ್ನೆರಡು ತಿಂಗಳು” ಎಂದನು. ನನ್ನ ಬಳಿ ಉತ್ತರವಿರಲಿಲ್ಲ. ನಾವು ಉಳಿಸಿದ ಹಣವು ಎಲ್ಲಿಂದ ಬಂದಿತೆಂಬುದು ಅಂದು ನನಗೆ ಕಣ್ಣಾರೆ ಕಂಡಿತು.

ಮರುದಿನ ನಾನು ಸರೋವರದವರೆಗೆ ನಡೆದೆನು. ಹಿಂದಿರುಗುವಾಗ ನಾಲ್ಕನೆಯ ಕುದುರೆಯ ಬಾಡಿಗೆಯನ್ನೂ ಕೊಟ್ಟು ತ್ರುಂಖೋಲಿನಿಂದಲೇ ಬೇರೊಂದನ್ನು ಗೊತ್ತುಮಾಡಿದೆವು. ಹುಣ್ಣಾದ ಕುದುರೆಯು ಬರಿಬೆನ್ನಿನಲ್ಲಿ ಇಳಿಯಿತು. ಹಗ್ಗವನ್ನು ಮೊಮ್ಮಗಳು ಹಿಡಿದಿದ್ದಳು. ಇದರಿಂದ ನನ್ನ ತಪ್ಪು ತೊಳೆದುಹೋಯಿತೆಂದು ನಾನು ಹೇಳುವುದಿಲ್ಲ. ಆದರೆ ಆ ಹುಡುಗಿಯು ಆ ದಿನ ಕಲಿತುದನ್ನು ನಾನು ಯಾವ ತರಗತಿಯಲ್ಲಿಯೂ ಕಲಿಸಲಾರದೆ ಹೋಗಿದ್ದೆನು. ಕುಟುಂಬ ಸಮೇತ ಹೋಗಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ಊರಿಗೆ ಬಂದ ಮೇಲೆ ಶಾಸ್ತ್ರವನ್ನೂ ಶಾಸನವನ್ನೂ ತೆರೆದು ನೋಡಿದೆನು. ಹಸಿದ, ರೋಗಪೀಡಿತವಾದ ವಾಹನದ ಮೇಲೆ ಪ್ರಯಾಣ ಮಾಡಬಾರದೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಸ್ನಾತಕನಿಗೆ ಹೇಳಿದೆ. ಕೌಟಿಲ್ಯನು ಕುದುರೆಯ ಲಾಯ, ಆಹಾರ, ಚಿಕಿತ್ಸೆಗಳಿಗಾಗಿ ಅಶ್ವಾಧ್ಯಕ್ಷನ ಪ್ರಕರಣವನ್ನೇ ಬರೆದಿದ್ದಾನೆ. ನಮ್ಮ ಕನ್ನಡದಲ್ಲಿಯೂ ಅಭಿನವಚಂದ್ರನ ಅಶ್ವವೈದ್ಯವುಂಟು. ನಾನು ಇವುಗಳ ಹೆಸರನ್ನು ಹುಡುಗರಿಗೆ ಬಾಯಿಪಾಠ ಮಾಡಿಸಿದವನು. ಆದರೆ ಕುದುರೆಯ ಮೇಲೆ ಕುಳಿತಾಗ ಒಂದೂ ನೆನಪಿಗೆ ಬರಲಿಲ್ಲ. ನಮ್ಮ ಕಾಲದ ಶಾಸನವೂ ಮೂಕವಾಗಿಲ್ಲ. ಪ್ರಾಣಿಹಿಂಸೆಯನ್ನು ತಡೆಯುವ 1960ನೆಯ ಇಸವಿಯ ಅಧಿನಿಯಮದ ಮೇರೆಗೆ 1965ರಲ್ಲಿ ಹೊರಟ ನಿಯಮಗಳು, ಹೇರು ಹೊರುವ ತಟ್ಟುಕುದುರೆಗೆ 70 ಕಿಲೋಗ್ರಾಮಿನ ಮಿತಿಯನ್ನು ಹಾಕಿವೆ. ದಿನಕ್ಕೆ ಒಟ್ಟು 9 ಗಂಟೆಗಿಂತಲೂ, ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ಗಂಟೆಗಿಂತಲೂ ಹೆಚ್ಚಾಗಿ ದುಡಿಸಕೂಡದೆಂದು ವಿಧಿಸಿವೆ. ಅಂದು ನನ್ನೊಬ್ಬನ ತೂಕವೇ 76 ಕಿಲೋ. ನಿಯಮವು ಹೇರಿಗೆ ಹೇಳಿದುದು, ಸವಾರನಿಗಲ್ಲವೆಂದು ಯಾರಾದರೂ ವಕೀಲಿ ಮಾಡಬಹುದು. ಹೊರೆ ಹೊರೆಯೇ, ಮಾತನಾಡುವುದರಿಂದ ಅದು ಹಗುರವಾಗುವುದಿಲ್ಲ.

ಕುದುರೆಯ ವಿಷಯವಾಯಿತು, ನೀರಿನ ವಿಷಯಕ್ಕೆ ಬರುವೆನು. ನೀರಿನಲ್ಲಿ ಮಲಮೂತ್ರ ಮಾಡಬಾರದು, ಉಗುಳಬಾರದು ಎಂಬ ವಿಧಿಯೂ ಅದೇ ಸ್ಮೃತಿಯಲ್ಲಿದೆ. ಸರೋವರದಲ್ಲಿ ಮುಳುಗು ಹಾಕಿ ಪುಣ್ಯ ಸಂಪಾದಿಸಿದವರೇ ಹತ್ತು ಮಾರು ದೂರದಲ್ಲಿ ಶೌಚಕ್ಕೆ ಕುಳಿತುದನ್ನು ನಾನು ಕಂಡೆನು. ಸಾಬೂನಿನ ನೊರೆಯು ಹರಮುಖದ ಪ್ರತಿಬಿಂಬದ ಮೇಲೆ ತೇಲುತ್ತಿದ್ದುದನ್ನೂ ಕಂಡೆನು. ಬಿಸ್ಕತ್ತಿನ ಹೊದಿಕೆಗಳು, ನೀರಿನ ಬಾಟಲಿಗಳು, ಕೂಸಿನ ಡಯಾಪರುಗಳು ಕಲ್ಲುಗಳ ಸಂದಿನಲ್ಲಿ ಸಿಕ್ಕಿಕೊಂಡಿದ್ದುವು. ನಮ್ಮ ಮಲೆನಾಡಿನ ಮಳೆಯಲ್ಲಿ ಎಲೆಯೊಂದು ತಿಂಗಳಲ್ಲಿ ಕೊಳೆತು ಮಣ್ಣಾಗಬಹುದು. ವರ್ಷದ ಬಹುಭಾಗ ಹಿಮ ಮುಚ್ಚಿರುವ ಆ ಎತ್ತರದಲ್ಲಿ ಕಿತ್ತಳೆಯ ಸಿಪ್ಪೆಯೂ ಬಹುಕಾಲ ಹಾಗೆಯೇ ಬಿದ್ದಿರುವುದು. ಪ್ಲಾಸ್ಟಿಕ್ಕಿನ ಮಾತನ್ನು ಹೇಳಬೇಕಾದುದೇ ಇಲ್ಲ. ಆದುದರಿಂದ ಡೇರೆಯನ್ನು ನೀರಿನಿಂದ ದೂರದಲ್ಲಿ ಹೂಡತಕ್ಕದ್ದು. ಶೌಚಕ್ಕೆ ನೀರಿನಿಂದ ಕಡೆಯಪಕ್ಷ 60 ಮೀಟರು ಆಚೆ ಹೋಗಿ ಗುಣಿ ತೋಡಿ ಮುಚ್ಚತಕ್ಕದ್ದು. ಪಾತ್ರೆಯನ್ನೂ ಮೈಯನ್ನೂ ತೊಳೆಯುವುದಾದರೆ ನೀರನ್ನು ದೂರಕ್ಕೆ ಹೊತ್ತೊಯ್ದು ತೊಳೆಯತಕ್ಕದ್ದು. ಒಯ್ದುದರ ಹೊದಿಕೆಯನ್ನೆಲ್ಲ ಮರಳಿ ತರತಕ್ಕದ್ದು. ತುಂಬಿದ ಬುಟ್ಟಿಯನ್ನು ಮೇಲಕ್ಕೆ ಒಯ್ಯಲು ಬಂದವನಿಗೆ ಖಾಲಿ ಬುಟ್ಟಿಯನ್ನು ಕೆಳಕ್ಕೆ ತರುವುದು ಅಷ್ಟು ಕಷ್ಟವೆ?

ಇನ್ನುಳಿದಿರುವುದು ಒಂದೇ ಆಕ್ಷೇಪ: “ಹಣ ಕೊಟ್ಟಿದ್ದೇವೆ, ಕುದುರೆಯವನ ಯೋಗಕ್ಷೇಮ ನಮಗೇಕೆ?” ಈ ಮಾತನ್ನು ನಾನು ಶ್ರೀನಗರದ ವಸತಿಗೃಹದಲ್ಲಿ ಕನ್ನಡದಲ್ಲಿಯೇ ಕೇಳಿದೆನು, ನಾಚಿದೆನು. ಇದಕ್ಕೆ ಉತ್ತರವನ್ನು ನಾನು ಹೇಳಬೇಕಾಗಿಲ್ಲ. 2025ನೆಯ ಇಸವಿಯ ಏಪ್ರಿಲ್ 22ರಂದು ಪಹಲಗಾಮಿನ ಬಳಿಯ ಬೈಸರನ್ ಹುಲ್ಲುಗಾವಲಿನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಹತರಾದವರಲ್ಲಿ ನಮ್ಮ ಕರ್ನಾಟಕದಿಂದ ಕುಟುಂಬದೊಡನೆ ಹೋಗಿದ್ದವರೂ ಇದ್ದರು. ಆ ಮನೆಗಳ ದುಃಖವನ್ನು ಬರೆಯುವ ಶಕ್ತಿ ನನಗಿಲ್ಲ. ಹತರಾದವರಲ್ಲಿ ಸ್ಥಳೀಯನಾದ ಒಬ್ಬ ಕುದುರೆಯವನೂ ಇದ್ದನು. ಪ್ರವಾಸಿಗಳನ್ನು ಉಳಿಸಲು ಹೋಗಿ ಅವನು ಪ್ರಾಣ ಕೊಟ್ಟನೆಂದು ದೇಶವೇ ಓದಿತು. ಎಷ್ಟು ಬಾಡಿಗೆಗೆ ಅವನು ಆ ಕೆಲಸವನ್ನು ಒಪ್ಪಿಕೊಂಡಿದ್ದನು? ಹಣ ಕೊಟ್ಟಾಯಿತು, ಸಂಬಂಧ ತೀರಿತು ಎನ್ನುವವರು ಇದಕ್ಕೆ ಲೆಕ್ಕ ಹೇಳಲಿ. ಆ ದುರಂತದ ತರುವಾಯ ಅಲ್ಲಿನ ಅನೇಕ ತಾಣಗಳನ್ನು ಸರ್ಕಾರವು ಮುಚ್ಚಿತು. ಇನ್ನು ಮುಂದೆ ಹೋಗುವವರು ಮೊದಲು ಅಧಿಕಾರಿಗಳಿಂದ ದಾರಿಯ ಸ್ಥಿತಿಯನ್ನು ತಿಳಿದು, ಅನುಮತಿ ಪಡೆದೇ ಹೊರಡಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುವೆನು.

ಕಾಶ್ಮೀರವು ನಮಗೆ ಅನ್ಯದೇಶವಲ್ಲ. 11ನೆಯ ಶತಮಾನದಲ್ಲಿ ಬಿಲ್ಹಣನು ಆ ಕಣಿವೆಯನ್ನು ಬಿಟ್ಟು ಹೊರಟು, ಮಥುರೆ, ಪ್ರಯಾಗ, ಕಾಶಿಗಳನ್ನು ಸಂದರ್ಶಿಸಿ, ಕೊನೆಗೆ ನಮ್ಮ ಕಲ್ಯಾಣಕ್ಕೆ ಬಂದನು. ಚಾಲುಕ್ಯ ವಿಕ್ರಮಾದಿತ್ಯನು ಅವನಿಗೆ ವಿದ್ಯಾಪತಿಯೆಂಬ ಪದವಿಯನ್ನಿತ್ತನು. ಅವನು ಆನೆಯ ಮೇಲೆ ಛತ್ರ ಹಿಡಿಸಿಕೊಂಡು ರಾಜನ ಮುಂದೆ ಹೋಗುತ್ತಿದ್ದನೆಂದು ಕಲ್ಹಣನು ಬರೆದಿದ್ದಾನೆ. ಆ ಅತಿಥಿಯು ನಮ್ಮ ದೊರೆಯ ಮೇಲೆ ಒಂದು ಮಹಾಕಾವ್ಯವನ್ನು ಬರೆದು, ಅದರ ಕೊನೆಯ ಸರ್ಗದಲ್ಲಿ ತನ್ನ ಹುಟ್ಟೂರನ್ನೂ ನೆನೆದನು. ಅಂದು ಅವರ ಮನುಷ್ಯನು ನಮ್ಮಲ್ಲಿ ಅತಿಥಿ. ಇಂದು ನಾವು ಅವರಲ್ಲಿ ಅತಿಥಿಗಳು. ಅವನು ಕಾವ್ಯವನ್ನು ಬಿಟ್ಟುಹೋದನು. ನಾವು ಬಿಸ್ಕತ್ತಿನ ಹೊದಿಕೆಯನ್ನೂ ಕುದುರೆಯ ಬೆನ್ನಿನ ಹುಣ್ಣನ್ನೂ ಬಿಟ್ಟುಬಂದರೆ ಯಾರಿಗೆ ಮುಖ ತೋರಿಸುವುದು?

ಬರಿಯ ಮಾತಿನಿಂದ ಮುಗಿಸುವುದು ಉಪಾಧ್ಯಾಯರ ಹಳೆಯ ದೋಷ. ಆದುದರಿಂದ ಒಂದು ಕೆಲಸ ಮಾಡಿದ್ದೇನೆ. ಕೊಕ್ಕೆಗೆ ತೂಗುಹಾಕಿ ಹೊರೆಯ ತೂಕವನ್ನು ನೋಡುವ ಚಿಕ್ಕ ತಕ್ಕಡಿಯೊಂದನ್ನು ಕೊಂಡು ಸಂಘದ ಪುಸ್ತಕ ಭಂಡಾರದಲ್ಲಿ ಇರಿಸಿದ್ದೇನೆ. ಉತ್ತರದ ಸರೋವರಗಳಿಗೆ ಹೊರಡುವ ಸದಸ್ಯರು ಅದನ್ನು ಪುಸ್ತಕದಂತೆಯೇ ರುಜು ಹಾಕಿ ಎರವಲು ಒಯ್ಯಬಹುದು. ಮನೆಯಲ್ಲಿಯೇ ಗಂಟುಗಳನ್ನು ತೂಗಲಿ. ಬೇಡದುದನ್ನು ಮನೆಯಲ್ಲಿಯೇ ಬಿಡಲಿ. ಉಳಿದುದಕ್ಕೆ ಎಷ್ಟು ಕುದುರೆ ಬೇಕೋ ಅಷ್ಟನ್ನೇ ಗೊತ್ತುಮಾಡಿ, ಜೀನನ್ನು ಎತ್ತಿಸಿ ಬೆನ್ನನ್ನು ನೋಡಿ, ಚೌಕಾಸಿಯಿಲ್ಲದೆ ಹಣ ಕೊಡಲಿ. ರಸ್ತೆ ಬೇಕೆಂದ ನನ್ನ ಮಿತ್ರರೇ ಮೊದಲನೆಯ ರುಜು ಹಾಕುವರೆಂದು ನಂಬಿದ್ದೇನೆ. ಅವರಿಗೆ ಈ ಬರೆಹದಲ್ಲಿ ಉತ್ತರವಿದ್ದರೆ ಮುಂದಿನ ಸಂಚಿಕೆಯಲ್ಲಿ ಬರೆಯಲಿ. ಗೋಷ್ಠಿಯಲ್ಲಿಯೇ ಹೇಳುವುದಾದರೆ ಉಪ್ಪಿಟ್ಟಿಗೆ ಮೊದಲು ಹೇಳಲಿ.